ಬಿಡು ಅನ್ನುವ ಅಧಿಕಾರ

ದೊಡ್ಡವರಿಗೆ ಜೂಡೋ ಕಲಿಸುವುದು ಯಾಕೆ ಇಷ್ಟು ದಣಿಸುತ್ತದೆ ಅಂದರೆ, ಅವರು ಬೀಳುವುದಕ್ಕೆ ಒಪ್ಪುವುದಿಲ್ಲ. ಮಕ್ಕಳಿಗೆ ಸೀಟಿ ಊದಿ ‘ಬೀಳಿ’ ಅಂದರೆ ನಗುತ್ತ ಬೀಳುತ್ತಾರೆ, ಎದ್ದು ಇನ್ನೊಮ್ಮೆ ಬೀಳುತ್ತಾರೆ. ನಲವತ್ತು ದಾಟಿದವನಿಗೆ ಅದೇ ಮಾತು ಹೇಳಿ ನೋಡಿ. ಮೊದಲು ನಿಮ್ಮನ್ನು ಮೇಲಿಂದ ಕೆಳಗೆ ಅಳೆಯುತ್ತಾನೆ. ಆಮೇಲೆ ತನ್ನ ಸೊಂಟನೋವಿನ ಕತೆ ಹೇಳುತ್ತಾನೆ. ಕೊನೆಗೆ, ‘ಸರ್, ಲೋಕಲ್ ಟ್ರೇನಲ್ಲಿ ಜಗಳ ಆದ್ರೆ ಇದು ಉಪಯೋಗಕ್ಕೆ ಬರ್ತದಾ?’ ಅಂತ ಕೇಳುತ್ತಾನೆ. ಲೋಕಲ್‌ನಲ್ಲಿ ಕೈ ಎತ್ತುವುದಕ್ಕೆ ಜಾಗ ಎಲ್ಲಿದೆ ಮಾರಾಯ ಅಂತ ಬಾಯಿಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ.

ಬೆಳಿಗ್ಗೆ ನಾನು ಮುಂಬಯಿಯ ಆಂಟಾಪ್ ಹಿಲ್‌ನ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರು. ಅದು ಮುಗಿಸಿ ವಡಾಲಾದಿಂದ ಹಾರ್ಬರ್ ಲೋಕಲ್ ಹಿಡಿದು ಗೋರೆಗಾಂವ್‌ಗೆ ಹೋಗುತ್ತೇನೆ. ಅಲ್ಲಿ ಒಂದು ಕಾಲೊನಿಯ ಹಾಲ್‌ನಲ್ಲಿ ದೊಡ್ಡವರ ಕ್ಲಾಸು. ಹೊತ್ತು ಮಧ್ಯಾಹ್ನವೇ ಆಗಬೇಕು. ಕಲಿಯಲು ಬರುವವರಲ್ಲಿ ಅರ್ಧ ಜನ ನಮ್ಮ ಉಡುಪಿ ಕಡೆಯ ಹೋಟೆಲಿನವರು. ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ತನಕ ಮಾತ್ರ ಅವರಿಗೆ ಬಿಡುವು. ಉಳಿದರ್ಧ ಜನ ರಾತ್ರಿ ಪಾಳಿಯ ಸೆಕ್ಯುರಿಟಿಯವರು. ಎಲ್ಲರ ಕಣ್ಣಲ್ಲೂ ನಿದ್ದೆ ಇರುತ್ತದೆ, ನನ್ನ ಕಣ್ಣಲ್ಲಿ ಎಲ್ಲರಿಗಿಂತ ಹೆಚ್ಚು.

ಸೆಕ್ಯುರಿಟಿಯವರನ್ನು ಕರೆತಂದವರು ಅವರ ಸೂಪರ್‌ವೈಸರ್. ವಿಜಯಪುರ ಕಡೆಯವರು, ಆಳು ಬಾಗಿಲು ತುಂಬುವಷ್ಟು. ಹುಡುಗರಾಗಿದ್ದಾಗ ಊರಿನ ಗರಡಿಯಲ್ಲಿ ಕುಸ್ತಿ ಆಡಿದ್ದರಂತೆ. ಅವರು ಬರುವ ಮೊದಲು ನಮ್ಮಲ್ಲಿ ನೆಟ್ಟಗೆ ಒಂದು ಗಾದಿ ಇರಲಿಲ್ಲ. ಸಿನಿಮಾ ಶೂಟಿಂಗ್‌ನಲ್ಲಿ ಮೇಲಿಂದ ಹಾರುವವರಿಗೆ ಹಾಸಿ, ಹಳತಾದ ಮೇಲೆ ಬಿಸಾಡುವ ಗಾದಿಗಳನ್ನು ಕೇಳಿ ತಂದವರು ಅವರೇ. ಒಂದೊಂದು ಬಗಲಲ್ಲಿ ಒಂದೊಂದು ಗಾದಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಗಾದಿ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಬರುತ್ತಿದ್ದರು. ನನ್ನ ಕಾಲು ಮುಟ್ಟಲು ಬಗ್ಗಿದರೆ ನಾನು ಹಿಂದೆ ಸರಿಯುತ್ತಿದ್ದೆ, ಅವರು ಅಷ್ಟೇ ಮುಂದೆ ಬರುತ್ತಿದ್ದರು.

‘ವಸ್ತಾದ್ರ ಕಾಲ ಮುಟ್ಲಾರ್ದ ಅಖಾಡಾಕ್ಕ ಹೆಂಗ ಇಳೀಲಿ?’ ಅನ್ನುತ್ತಿದ್ದರು. ಗರಡಿಯಲ್ಲಿ ಕಲಿಸುವ ಗುರುವಿಗೆ ಅವರ ಕಡೆ ವಸ್ತಾದ ಅನ್ನುತ್ತಾರೆ.

ಸುಳ್ಳು ಹೇಳುವುದಿಲ್ಲ, ಕೇಳಲು ಹಿತವಾಗಿತ್ತು. ಅವರು ನೆಟ್ಟಗೆ ನಿಂತರೆ ಅವರ ಗಾರ್ಡುಗಳು ನೆಟ್ಟಗೆ ನಿಲ್ಲುತ್ತಿದ್ದರು, ಗಾರ್ಡುಗಳನ್ನು ನೋಡಿ ಹೋಟೆಲಿನವರೂ ಮೊಬೈಲು ಒಳಗಿಡುತ್ತಿದ್ದರು. ಇಂಥ ಶಿಸ್ತು ತರಲು ನಾನು ಎಷ್ಟು ವರ್ಷ ಗಂಟಲು ಹರಿದುಕೊಂಡಿದ್ದೆ!

ತೊಂದರೆ ಶುರುವಾದದ್ದು ಕೈ ಬೀಗ ಕಲಿಸಿದಾಗ. ನೆಲದ ಮೇಲೆ ಎದುರಾಳಿಗೆ ಅಡ್ಡಲಾಗಿ ಮಲಗಿ, ಅವನ ತೋಳನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ, ಹೆಬ್ಬೆರಳು ಮೇಲೆ ಬರುವಂತೆ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಸೊಂಟ ಎತ್ತಬೇಕು. ಮೊಣಕೈ ಬಾಗಬಾರದ ಕಡೆಗೆ ಬಾಗುತ್ತದೆ. ನೋವು ಶುರುವಾಗುವುದಕ್ಕೂ ಕೀಲು ಹಾಳಾಗುವುದಕ್ಕೂ ನಡುವೆ ಹೆಚ್ಚು ಜಾಗವಿಲ್ಲ. ಅದಕ್ಕೇ ಒಂದು ನಿಯಮ ಇದೆ: ಸಿಕ್ಕಿಬಿದ್ದವನು ಗಾದಿಯನ್ನೋ ಎದುರಾಳಿಯ ಮೈಯನ್ನೋ ತಟ್ಟಿದರೆ ಆ ಕ್ಷಣವೇ ಬಿಡಬೇಕು. ಮಿಕ್ಕ ನಿಯಮ ಯಾವುದು ಮರೆತರೂ ನಡೆಯುತ್ತದೆ, ಇದು ಮರೆತರೆ ಜೂಡೋ ಇಲ್ಲ.

ಆ ದಿನ ಸೂಪರ್‌ವೈಸರ್‌ಗೆ ಜೊತೆಯಾಗಿದ್ದವನು ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಕುಂದಾಪುರ ಕಡೆಯವನು, ಮೂವತ್ತರ ಆಸುಪಾಸು, ಯಾರಿಗೂ ಎದುರು ಮಾತಾಡಿ ಗೊತ್ತಿಲ್ಲದ ಮನುಷ್ಯ. ನಾನು ಇನ್ನೊಂದು ಜೋಡಿಯ ಕಾಲು ಸರಿಪಡಿಸುತ್ತ ಬೆನ್ನು ತಿರುಗಿಸಿದ್ದೆ. ತಿರುಗಿ ನೋಡಿದರೆ ದೋಸೆಯವನ ಮುಖ ಬಿಳಿಚಿಕೊಂಡಿದೆ. ಎರಡು ಬೆರಳಲ್ಲಿ ಸೂಪರ್‌ವೈಸರ್‌ರ ತೊಡೆ ತಟ್ಟುತ್ತಿದ್ದಾನೆ, ಹಿರಿಯರ ಭುಜ ಮುಟ್ಟಿ ಕರೆಯುವ ಹಾಗೆ. ಸೂಪರ್‌ವೈಸರ್ ಬಿಟ್ಟಿಲ್ಲ.

‘ಬಿಡು!’ ಅಂತ ಕೂಗಿದೆ.

ಥಟ್ಟನೆ ಬಿಟ್ಟರು.

ನಮ್ಮ ಬ್ಯಾಚಿನಲ್ಲಿ ಬೊರಿವಲಿಯಿಂದ ಬರುವ ಫಿಸಿಯೋಥೆರಪಿಯ ಹುಡುಗಿ ಒಬ್ಬಳಿದ್ದಾಳೆ. ಮುಂಬಯಿಯಲ್ಲೇ ಹುಟ್ಟಿದವಳು, ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯಾಗುತ್ತದೆ. ಅವಳು ದೋಸೆಯವನ ಮೊಣಕೈ ಒತ್ತಿ, ಬಗ್ಗಿಸಿ ನೋಡಿ, ‘ಮುರಿದಿಲ್ಲ ಸರ್, ಲೇಕಿನ್ ಲಿಗಮೆಂಟ್ ಖಿಂಚ್ ಗಯಾ ಹೈ. ರೆಸ್ಟ್ ಬೇಕು’ ಅಂದಳು. ಕೆಳಗಿನ ಡೇರಿಯಿಂದ ಐಸ್ ತರಿಸಿದೆವು.

ಸೂಪರ್‌ವೈಸರನ್ನು ಪಕ್ಕಕ್ಕೆ ಕರೆದು ಬೈದೆ. ಅವರು ತಲೆ ತಗ್ಗಿಸಿ ನಿಂತರು. ‘ಅಂವ ಭಾಳ ಹಗೂರಕ ತಟ್ಟತಾನ್ರಿ ಮಾಸ್ತರ್ರ. ನನಗ ತಿಳೀಲಿಲ್ಲ. ತಪ್ಪಾತು’ ಅಂದರು. ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಿ ನನಗೇ ಮುಜುಗರವಾಯಿತು. ಸರಿ, ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಮುಂದಿನ ಕ್ಲಾಸಿನಲ್ಲಿ ತಮ್ಮದೇ ಒಬ್ಬ ಗಾರ್ಡಿನ ಕೈ ಹಿಡಿದರು. ಆ ಗಾರ್ಡು ಹಗುರವಾಗಿ ತಟ್ಟುವವನಲ್ಲ, ಗಾದಿಯ ಧೂಳು ಏಳುವ ಹಾಗೆ ಬಡಿದ. ಆದರೂ ನಾನು ‘ಬಿಡು’ ಅನ್ನುವ ತನಕ ಬಿಡಲಿಲ್ಲ. ಈ ಸಲ ನನಗೆ ರೇಗಿಹೋಯಿತು. ‘ನೀವು ಇನ್ನು ಗಾದಿ ಮೇಲೆ ಬರಬೇಡಿ. ಅಲ್ಲಿ ಕೂತು ನೋಡಿ’ ಅಂತ ಗೋಡೆ ತೋರಿಸಿದೆ.

ಅವರು ಹೋಗಿ ಕೂತರು. ಒಂದು ಮಾತು ಎದುರಾಡಲಿಲ್ಲ. ಪ್ರತಿ ಕ್ಲಾಸಿಗೂ ಬಂದು, ಗಾದಿ ಹಾಸಿ, ನನ್ನ ಕಾಲು ಮುಟ್ಟಿ, ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಮುಗಿದ ಮೇಲೆ ಗಾದಿ ಮಡಚಿಟ್ಟು ಹೋಗುತ್ತಿದ್ದರು. ಜಗಳವಾಡಿದ್ದರೆ ಎಷ್ಟೋ ವಾಸಿ ಇತ್ತು. ತಮ್ಮ ಸಾಹೇಬರು ಮೂಲೆಯಲ್ಲಿ ಕೂತಿರುವಾಗ ತಾವು ಆಡುವುದು ಹೇಗೆ ಅಂತ ಗಾರ್ಡುಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಇತ್ತ ಹೋಟೆಲಿನವರೂ ದೋಸೆಯವನ ಕೈ ನೋಡಿ ಹೆದರಿ ಕಡಿಮೆಯಾದರು. ಒಂದು ಮಧ್ಯಾಹ್ನ ಹಾಲ್‌ನಲ್ಲಿ ನಾನು, ಫಿಸಿಯೋ ಹುಡುಗಿ, ಇನ್ನಿಬ್ಬರು ಮತ್ತು ಗೋಡೆಯ ಬಳಿ ಸೂಪರ್‌ವೈಸರ್, ಇಷ್ಟೇ ಜನ. ಫ್ಯಾನಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಕರ್ಮ, ಇದನ್ನು ನಿಲ್ಲಿಸಿ ಮನೆಯಲ್ಲಿ ಮಲಗಿದರೆ ಯಾರಿಗೇನು ನಷ್ಟ ಅನ್ನಿಸಿತು.

ದೋಸೆಯವನು ಬಂದಿರಲಿಲ್ಲ. ಆ ದಿನ ಕ್ಲಾಸು ಮುಗಿಸಿ ಅವನ ಹೋಟೆಲಿಗೇ ಹೋದೆ. ಅಡುಗೆಮನೆಯ ಕಿಂಡಿಯಿಂದ ಕಾವಲಿ ಕಾಣುತ್ತದೆ. ಅವನು ಎಡಗೈಯಲ್ಲಿ ದೋಸೆ ಹುಯ್ಯುತ್ತಿದ್ದ. ಹಿಟ್ಟು ಗುಂಡಗೆ ಬರುತ್ತಿರಲಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ತೂತು. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದ.

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಧಣಿ ನನ್ನನ್ನು ಗುರುತು ಹಿಡಿದರು. ‘ಮಾಸ್ಟ್ರೇ, ನಿಮ್ಮ ಕರಾಟೆ ಗಿರಾಟೆ ಎಲ್ಲ ಸಾಕು. ಗಿರಾಕಿಗಳು ದೋಸೆ ವಾಪಸು ಕಳಿಸ್ತಾ ಇದ್ದಾರೆ. ಅವನ ಕೈ ಸರಿ ಆಗದಿದ್ರೆ ನಾನು ಬೇರೆಯವನನ್ನು ಇಟ್ಕೊಳ್ಳುದೇ. ಮತ್ತೆ ನನ್ನನ್ನು ಬೈಬೇಡಿ.’

ಕರಾಟೆ ಅಲ್ಲ, ಜೂಡೋ ಅಂತ ತಿದ್ದುವ ತ್ರಾಣ ನನಗಿರಲಿಲ್ಲ.

ದೋಸೆಯವನು ಹಿಂಬಾಗಿಲಿಗೆ ಬಂದ. ‘ಎಂತ ಮಾರಾಯ, ಡಾಕ್ಟ್ರಿಗೆ ತೋರಿಸಿದ್ಯಾ?’ ಅಂದೆ.

‘ತೋರ್ಸಿದೆ ಮಾಸ್ಟ್ರೇ. ಕಡಿಮೆ ಆಗ್ತದಂತೆ. ಎಂತ ಇಲ್ಲ.’

‘ಎಂತ ಇಲ್ಲ ಅಂದ್ರೆ ಆಯ್ತಾ? ಆವತ್ತು ಜೋರಾಗಿ ತಟ್ಟಬೇಕಿತ್ತಲ್ಲ ನೀನು! ಬಾಯಿ ಬಿಟ್ಟು ಕೂಗಬೇಕಿತ್ತು!’

ಅವನು ಮುಜುಗರದಿಂದ ನಕ್ಕ. ‘ಅವ್ರು ದೊಡ್ಡವ್ರು ಅಲ್ವಾ ಮಾಸ್ಟ್ರೇ. ದೊಡ್ಡವ್ರ ಮೈಮೇಲೆ ಜೋರು ಹೊಡೀಲಿಕ್ಕೆ ಹೇಗೆ ಆಗ್ತದೆ? ಮತ್ತೆ ನೀವು ಇದ್ರಿ ಅಲ್ವಾ. ನೀವು ನೋಡಿ ಹೇಳ್ತೀರಿ ಅಂತ ಸುಮ್ನಾದೆ.’

ಈ ಮಾತು ಸ್ಟೇಶನ್ನಿನ ತನಕ ನನ್ನ ಜೊತೆಗೇ ಬಂತು. ಸೇತುವೆಯ ಮೇಲೆ ಫಿಸಿಯೋ ಹುಡುಗಿ ಸಿಕ್ಕಳು. ಅವಳು ಬೊರಿವಲಿ ಗಾಡಿಗೆ, ನಾನು ಹಾರ್ಬರ್ ಗಾಡಿಗೆ. ದೋಸೆಯವನ ಸ್ಥಿತಿ ಹೇಳಿದೆ. ಅವಳು ಬ್ಯಾಗನ್ನು ಎದೆಗೆ ಅವುಚಿಕೊಂಡು ಜನರ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

‘ಸರ್, ಬುರಾ ಮತ್ ಮಾನಿಯೇ, ಬೇಜಾರು ಮಾಡ್ಕೋಬೇಡಿ. ಸೂಪರ್‌ವೈಸರ್ ಅಂಕಲ್ ಲಾಕ್ ಹಾಕಿದ್ಮೇಲೆ ನೀಚೆ ನೋಡೋದೇ ಇಲ್ಲ. ಯಾರ ಕೈ ಹಿಡಿದಿದಾರೆ ಅಂತ ನೋಡಲ್ಲ. ಆಪ್‌ಕೀ ತರಫ್ ನೋಡ್ತಾರೆ. ನಿಮ್ಮ ಬಾಯಿ ನೋಡ್ತಾ ಇರ್ತಾರೆ.’

ಅವಳ ಗಾಡಿ ಬಂತು, ಅವಳು ಓಡಿದಳು. ನಾನು ನನ್ನ ಒಂದು ಗಾಡಿ ಬಿಟ್ಟು ಬೆಂಚಿನ ಮೇಲೆ ಕೂತೆ. ಒಬ್ಬ ಮೇಲಿನಿಂದ ನನ್ನ ಬಾಯಿ ನೋಡುತ್ತಾನೆ, ಇನ್ನೊಬ್ಬ ಕೆಳಗಿನಿಂದ ನನ್ನ ಬಾಯಿ ನೋಡುತ್ತಾನೆ. ಇಬ್ಬರ ನಡುವೆ ಇರುವ ಕೈಯನ್ನು ಯಾರೂ ನೋಡುತ್ತಿಲ್ಲ.

ಮರುದಿನ ಸೂಪರ್‌ವೈಸರನ್ನು ಚಹಾಕ್ಕೆ ಕರೆದೆ. ಅವರ ಗರಡಿಯ ಬಗ್ಗೆ ಕೇಳಿದೆ. ಮುಖ ಅರಳಿತು. ಕುಸ್ತಿಯಲ್ಲಿ ತಟ್ಟುವುದು ಅಂತ ಇಲ್ಲವೇ ಇಲ್ಲವಂತೆ. ಬೆನ್ನು ಮಣ್ಣಿಗೆ ಹತ್ತಬೇಕು, ಇಲ್ಲ ವಸ್ತಾದ ಬಾಯಿಬಿಡಬೇಕು.

‘ಕೆಳಗಿದ್ದವನು ಸಾಕು ಅಂದ್ರೆ?’ ಅಂದೆ.

‘ಅಂದ್ರ ಅನ್ಲಿ ಬಿಡ್ರಿ. ಅಂವಂದ್ಯಾಕ ಕೇಳ್ಬೇಕು? ವಸ್ತಾದ ಬಿಡು ಅಂದ್ರ ಬಿಡಾಂವ. ನಮ್ಮ ವಸ್ತಾದ ಒಮ್ಮೊಮ್ಮೆ ಬೇಕಂತ ಸುಮ್ನ ಇರ್ತಿದ್ದ, ಯಾವಾಂವ ತಾನ ಬಿಡತಾನ ನೋಡೂಣು ಅಂತ. ಬಿಟ್ಟಾಂವಗ ಬೆತ್ತದ ಏಟು.’ ನಕ್ಕು, ಸಾಸರಿಗೆ ಹುಯ್ದುಕೊಂಡ ಚಹಾ ಸುರ್ರೆಂದು ಕುಡಿದರು. ‘ನಿಮ್ಮ ಮಾತಂದ್ರ ನನಗ ಅಷ್ಟ ರೀ ಮಾಸ್ತರ್ರ.’

ಅಯ್ಯೋ ದೇವರೇ. ಈ ಮನುಷ್ಯ ನನ್ನ ಮಾತು ಕೇಳುತ್ತಿಲ್ಲ ಅಂತ ನಾನು ಇಷ್ಟು ದಿನ ಕೂಗಾಡಿದ್ದೆ. ಅವರು ಕೇಳುತ್ತಿದ್ದದ್ದೇ ನನ್ನೊಬ್ಬನ ಮಾತು. ದೊಡ್ಡವರ ಕ್ಲಾಸಿನಲ್ಲಿ ಎಲ್ಲ ಮಾಸ್ತರುಗಳೂ ಬೇಡಿಕೊಳ್ಳುವುದು ಇಂಥ ಶಿಷ್ಯನನ್ನೇ. ಆ ಭಕ್ತಿಯೇ ಒಬ್ಬ ಬಡಪಾಯಿಯ ಅನ್ನದ ಕೈ ತಿರುಚಿತ್ತು.

ಮಾತಿನಲ್ಲಿ ಹೇಳಿದರೆ ‘ಹೂಂ ರೀ’ ಅನ್ನುತ್ತಾರೆ, ಮತ್ತೆ ನನ್ನ ಮುಖವನ್ನೇ ನೋಡುತ್ತಾರೆ. ಹೊರಗೆ ಹಾಕಿದರೆ ಗಾದಿ, ಗಾರ್ಡು, ಶಿಸ್ತು ಎಲ್ಲ ಹೋಗುತ್ತದೆ. ಅದಕ್ಕಿಂತ, ಯಾಕೆ ಹೊರಗೆ ಹಾಕಿದರು ಅಂತ ಅವರಿಗೆ ಜನ್ಮದಲ್ಲಿ ಅರ್ಥವಾಗುವುದಿಲ್ಲ. ನಾನು ಬಾಯಿ ಮುಚ್ಚಬೇಕು, ಬೇರೆ ದಾರಿಯಿಲ್ಲ ಅಂತ ತೀರ್ಮಾನಿಸಿದೆ. ಬೀಗದಲ್ಲಿ ಸಿಕ್ಕಿಬೀಳುವ ಕೈ ನನ್ನದೇ ಆಗಿರಬೇಕು.

ಎಲ್ಲರಿಗೂ ಹೇಳಿಕಳಿಸಿದೆ. ಗಾರ್ಡುಗಳು ಬಂದರು, ಹೋಟೆಲಿನವರು ಬಂದರು. ದೋಸೆಯವನಿಗೆ ‘ನೀನು ಸುಮ್ಮನೆ ಬಂದು ಕೂತುಕೋ, ಮೈ ಬಗ್ಗಿಸಬೇಡ’ ಅಂದಿದ್ದೆ. ಅವನು ಬಾಗಿಲ ಹತ್ತಿರ ಕೂತ. ಸೂಪರ್‌ವೈಸರನ್ನು ಗೋಡೆಯಿಂದ ಎಬ್ಬಿಸಿ ಗಾದಿಗೆ ಕರೆದೆ. ನಾನು ಮಲಗಿ ಬಲಗೈ ಕೊಟ್ಟೆ.

‘ಬೀಗ ಹಾಕಿ. ನಾನು ಇವತ್ತು ಬಿಡು ಅನ್ನುವುದಿಲ್ಲ. ತಟ್ಟುತ್ತೇನೆ. ತಟ್ಟಿದಾಗ ಬಿಡಿ.’

‘ಹೂಂ ರೀ ಮಾಸ್ತರ್ರ.’

ತೋಳು ಸಿಕ್ಕಿಸಿ ಮಲಗಿದರು. ಮಣಿಕಟ್ಟು ಎದೆಗೆ ಹೋಯಿತು, ಸೊಂಟ ಮೇಲೆದ್ದಿತು. ಮೊಣಕೈ ಬಿಗಿಯಿತು. ದೋಸೆಯವನು ತಟ್ಟಿದ ಹಾಗೆಯೇ ಎರಡು ಬೆರಳಲ್ಲಿ ಅವರ ತೊಡೆ ತಟ್ಟಿದೆ. ಬಿಗಿ ಸಡಿಲಲಿಲ್ಲ. ಕತ್ತು ಹೊರಳಿಸಿ ನೋಡಿದೆ. ಅವರು ತಲೆ ಎತ್ತಿ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಹಣೆಯ ತುಂಬ ಬೆವರು. ಮಾಸ್ತರು ಪರೀಕ್ಷೆ ಮಾಡುತ್ತಿದ್ದಾರೆ, ತಾನು ಸೋಲಬಾರದು ಅಂತ ಆ ಕಣ್ಣು ಹೇಳುತ್ತಿತ್ತು. ಬೆತ್ತದ ಏಟಿನ ನೆನಪು ಮೈಯೊಳಗೆ ಎಷ್ಟು ಆಳಕ್ಕೆ ಇಳಿದಿರುತ್ತದೆ!

ಅಂಗೈ ಬಿಚ್ಚಿ ಗಾದಿಗೆ ಬಡಿದೆ. ಇನ್ನೊಮ್ಮೆ ಬಡಿದೆ. ಅವರು ಮುಂದೆ ಒತ್ತಲೂ ಇಲ್ಲ, ಬಿಡಲೂ ಇಲ್ಲ. ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ‘ಬಿಡು’ ಅನ್ನುವ ಮಾತು ಹಲ್ಲಿನ ತನಕ ಬಂದಿತ್ತು. ಅಂದುಬಿಟ್ಟರೆ ಎಲ್ಲ ಮತ್ತೆ ಮೊದಲಿನಂತೆಯೇ. ಹಲ್ಲು ಕಚ್ಚಿದೆ. ಮೈ ತಾನಾಗಿ ಸ್ವಲ್ಪ ಹೊರಳಿತು, ಮೊಣಕೈಯೊಳಗೆ ಏನೋ ಟಕ್ ಅಂದಿತು. ಗಾರ್ಡುಗಳಲ್ಲಿ ಒಬ್ಬನಾದರೂ ಬಾಯಿ ಬಿಡಬಾರದೇ? ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

‘ಬಿಡಿ ಮಾರಾಯ್ರೇ! ತಟ್ತಾ ಇದ್ದಾರಲ್ಲ! ಕಣ್ಣು ಕಾಣುದಿಲ್ವಾ ನಿಮಗೆ? ಕೈ ಬಿಡಿ!’

ದೋಸೆಯವನು. ಎದ್ದು ಗಾದಿಯ ಮೇಲೆ ಓಡಿಬಂದಿದ್ದ. ಅವನ ಗಂಟಲಲ್ಲಿ ಇಷ್ಟು ದೊಡ್ಡ ದನಿ ಇದೆ ಅಂತ ಅವನ ಧಣಿಗೂ ಗೊತ್ತಿರಲಿಕ್ಕಿಲ್ಲ. ಸೂಪರ್‌ವೈಸರ್‌ರ ತಲೆ ಅವನ ಕಡೆ ತಿರುಗಿತು. ಆಮೇಲೆ, ಮೊದಲ ಸಲ, ಕೆಳಗೆ ತಮ್ಮ ಕೈಯಲ್ಲಿದ್ದ ನನ್ನ ಕೈಯನ್ನು ನೋಡಿದರು. ಬಿಟ್ಟರು.

ನನಗೆ ಕೂರಲೂ ಆಗಲಿಲ್ಲ. ಫಿಸಿಯೋ ಹುಡುಗಿ ತನ್ನ ದುಪಟ್ಟಾದಿಂದ ಕೈಯನ್ನು ಕತ್ತಿಗೆ ಕಟ್ಟುತ್ತ, ‘ಪಾಗಲ್ ಹೋ ಗಯೇ ಹೈಂ ಆಪ್’ ಅಂತ ಗೊಣಗುತ್ತಿದ್ದಳು. ಸೂಪರ್‌ವೈಸರ್ ನನ್ನ ಪಕ್ಕ ಮಂಡಿಯೂರಿ, ‘ಯಾಕ್ರೀ ಅನ್ಲಿಲ್ಲ? ಒಂದ್ ಮಾತು ಅನ್ನಬೇಕಿತ್ತಲ್ರೀ, ಯಾಕ ಅನ್ಲಿಲ್ಲ?’ ಅಂತ ಮತ್ತೆ ಮತ್ತೆ ಕೇಳುತ್ತಿದ್ದರು.

‘ಅವನೂ ಅಂದಿರಲಿಲ್ಲ’ ಅಂದೆ, ದೋಸೆಯವನನ್ನು ತೋರಿಸಿ. ‘ತಟ್ಟಿದ್ದ ಅಷ್ಟೇ.’

ಅವರು ಎದ್ದು ಹೋದರು. ಆ ದಿನ ಗಾದಿ ಮಡಚಿಡಲೂ ನಿಲ್ಲಲಿಲ್ಲ. ಇನ್ನು ಬರುವುದಿಲ್ಲ ಅಂದುಕೊಂಡೆ. ಮನೆಗೆ ಬಂದರೆ ಹೆಂಡತಿ ಕೈ ನೋಡಿ, ‘ಈ ವಯಸ್ಸಲ್ಲಿ ಕೈ ಮುರಿಸ್ಕೊಳ್ಳಿಕ್ಕೆ ಗೋರೆಗಾಂವ್ ತನಕ ಹೋಗ್ಬೇಕಿತ್ತಾ? ಇಲ್ಲೇ ಬಾತ್‌ರೂಮಲ್ಲಿ ಬಿದ್ದಿದ್ರೆ ಗಾಡಿ ಖರ್ಚಾದ್ರೂ ಉಳೀತಿತ್ತು’ ಅಂದಳು. ಮಾಡಿದ್ದು ಸರಿಯೋ, ಬರೀ ಹುಚ್ಚುತನವೋ ನನಗೂ ಗೊತ್ತಿರಲಿಲ್ಲ. ಮುಂದಿನ ಕ್ಲಾಸುಗಳನ್ನು ಕೈ ಕಟ್ಟಿಕೊಂಡೇ, ಬರೀ ಬಾಯಲ್ಲಿ, ಬರೀ ಬೀಳುವುದನ್ನು ಕಲಿಸಿ ಮುಗಿಸಿದೆ. ಸೂಪರ್‌ವೈಸರ್ ಬರಲಿಲ್ಲ.

ಒಂದು ಮಧ್ಯಾಹ್ನ ಬಂದರು. ಅಷ್ಟು ಹೊತ್ತಿಗೆ ದೋಸೆಯವನು ಬಲಗೈಯಲ್ಲಿ ಸೌಟು ಹಿಡಿಯುವಷ್ಟಾಗಿದ್ದ. ಫಿಸಿಯೋ ಹುಡುಗಿ ಅವನಿಗೆ ಆಡಲು ಅಪ್ಪಣೆಯನ್ನೂ ಕೊಟ್ಟಿದ್ದಳು, ನನಗೆ ಇನ್ನೂ ಕೊಟ್ಟಿರಲಿಲ್ಲ. ಸೂಪರ್‌ವೈಸರ್ ಗಾದಿ ಮುಟ್ಟಿ ಹಣೆಗೊತ್ತಿಕೊಂಡರು. ನನ್ನ ಕಾಲ ಕಡೆ ಬರಲಿಲ್ಲ. ನೇರವಾಗಿ ದೋಸೆಯವನ ಮುಂದೆ ಹೋಗಿ ಅಂಗಾತ ಮಲಗಿದರು.

‘ಬಾರೋ ತಮ್ಮಾ. ಹಿಡಿ ನನ್ನ ಕೈ.’

ದೋಸೆಯವನು ಗಾಬರಿಯಾಗಿ ನನ್ನನ್ನು ನೋಡಿದ. ನಾನು ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಕಳ್ಳನೋಟ ಹಾಯಿಸಿದರೆ ಅವನು ಆ ಕಂಬದಂಥ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡಿದ್ದ. ಕಣ್ಣು ಸೂಪರ್‌ವೈಸರ್‌ರ ಇನ್ನೊಂದು ಅಂಗೈ ಮೇಲೆ ನೆಟ್ಟಿತ್ತು. ಮೆಲ್ಲಗೆ ಸೊಂಟ ಎತ್ತಿದ.

ಸೂಪರ್‌ವೈಸರ್‌ಗೆ ತಟ್ಟುವುದು ಸುಲಭವಾಗಲಿಲ್ಲ. ಕೈ ಎತ್ತಿದರು, ಇಳಿಸಿದರು. ಮುಖ ಕೆಂಪೇರಿತು. ಗಾರ್ಡುಗಳು ಉಸಿರು ಹಿಡಿದು ನೋಡುತ್ತಿದ್ದರು. ಕೊನೆಗೆ ಅಂಗೈ ಗಾದಿಗೆ ಪಟಾರನೆ ಬಡಿಯಿತು. ದೋಸೆಯವನು ಅದೇ ಕ್ಷಣ ಬಿಟ್ಟ.

‘ಸಡ್ಲ ಹಿಡದಿಯೋ’ ಅಂದರು ಸೂಪರ್‌ವೈಸರ್ ಏಳುತ್ತ. ‘ಇನ್ನೊಮ್ಮಿ ಹಿಡಿ.’

‘ಸಡಿಲ ಆಗಿದ್ರೆ ಮತ್ತೆ ಎಂತಕ್ಕೆ ತಟ್ಟಿದ್ದು ನೀವು?’ ಅಂದ ದೋಸೆಯವನು.

ಗಾರ್ಡುಗಳು ನಕ್ಕುಬಿಟ್ಟರು. ಅವರವರೇ ಜೋಡಿ ಹಿಡಿದು ಮಲಗಿದರು, ಹೋಟೆಲಿನವರೂ ಮಲಗಿದರು. ಶುರು ಮಾಡಿ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಶುರುವಾಗಿತ್ತು. ಹಾಲ್‌ನ ತುಂಬ ಅಂಗೈ ಬಡಿಯುವ ಸದ್ದು, ಬಿಡುವ ಸದ್ದು. ಯಾರೂ ನನ್ನ ಕಡೆ ನೋಡಲಿಲ್ಲ. ಒಳಗೆಲ್ಲೋ ಚುರುಕ್ ಅಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅಷ್ಟು ವರ್ಷದಲ್ಲಿ ಆ ಹಾಲ್‌ನಲ್ಲಿ ನಾನು ಕೂತದ್ದು ಅದೇ ಮೊದಲು.